ಹತ್ತು ನಿಮಿಷ ಹಳೆಯ ಹಸಿರು ದೀಪ

ಕಂಪ್ಯೂಟರಿನ ವಿಷಯವನ್ನು ಕನ್ನಡದಲ್ಲಿ ಬರೆದು ನನಗೆ ರೂಢಿಯಿಲ್ಲ. ಮನೆಯ ವಿಷಯವನ್ನಂತೂ ಯಾವ ಭಾಷೆಯಲ್ಲೂ ಬರೆದವಳಲ್ಲ. ಎರಡನ್ನೂ ಒಟ್ಟಿಗೆ ಹೇಳಬೇಕಾಗಿ ಬಂದಿರುವುದರಿಂದ ನನ್ನ ವಿವರಣೆ ಬಲ್ಲವರಿಗೆ ಒರಟಾಗಿಯೂ ತಿಳಿಯದವರಿಗೆ ಉದ್ದವಾಗಿಯೂ ಕಾಣಬಹುದು, ಇಬ್ಬರೂ ಮನ್ನಿಸಬೇಕು. ನಮ್ಮ ಕುಟುಂಬದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ನಾನು ತಪ್ಪು ಬರೆದರೆ ತಿದ್ದುವವರು ಮನೆಯಲ್ಲಿ ಯಾರೂ ಇಲ್ಲ.

ಅಪ್ಪ, ಅವ್ವ ಇಬ್ಬರೂ ಬಸರೀಕಟ್ಟೆಯಿಂದ ಆಚೆಗಿರುವ ಒಂದು ಕಾಫಿ ತೋಟದಲ್ಲಿ ಕೂಲಿ ಮಾಡುತ್ತಿದ್ದರು. ತೋಟದ ಲೈನಿನಲ್ಲಿ, ಅಂದರೆ ಕೆಲಸದವರಿಗೆಂದು ಸಾಲಾಗಿ ಕಟ್ಟಿಸಿದ ಮನೆಗಳಲ್ಲಿ, ಕೊನೆಯಿಂದ ಎರಡನೆಯದು ನಮ್ಮದು. ಮನೆ ಅಪ್ಪನ ಹೆಸರಿನಲ್ಲಿತ್ತು; ಹೆಸರಿದ್ದವರಿಗೆ ಕೆಲಸ ಇರುವವರೆಗೆ ಮನೆ ಎಂಬ ನಿಯಮ ಎಲ್ಲರಿಗೂ ತಿಳಿದಿತ್ತು. ನಾನು ಶೃಂಗೇರಿಯಲ್ಲಿ ಪದವಿ ಮುಗಿಸಿ ಕೊಪ್ಪದ ಪೇಟೆಯ ಎರಡು ಕೋಣೆಯ ಕಚೇರಿಯೊಂದಕ್ಕೆ ಕೆಲಸಕ್ಕೆ ಸೇರಿದೆ. ತೋಟಗಳಿಗೆ ಸೋಲಾರ್ ಬೇಲಿ, ಪಂಪಿನ ಸ್ಟಾರ್ಟರ್, ಕ್ಯಾಮೆರಾ ಇವುಗಳನ್ನು ಹಾಕಿಕೊಡುವ ಕಚೇರಿ ಅದು. ನರಸಿಂಹರಾಜಪುರದ ಕಡೆಯ ಕಾಡಿನಿಂದ ಆನೆಗಳು ನಮ್ಮ ಕಡೆಗೂ ಬರತೊಡಗಿದ ಮೇಲೆ, ಕಚೇರಿಯ ಯಜಮಾನರು ಆನೆಯನ್ನು ಗುರುತಿಸುವ ಪೆಟ್ಟಿಗೆಯೊಂದನ್ನು ಮಾಡಲು ಹೊರಟರು. ಅದರ ಪ್ರೋಗ್ರಾಂ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಪೆಟ್ಟಿಗೆಯನ್ನು ಕೂರಿಸಿದ್ದು ಅಪ್ಪ ಕೆಲಸ ಮಾಡುವ ತೋಟದಲ್ಲಿಯೇ.

ತೋಟದ ಮೇಲಿನ ಭಾಗಕ್ಕೆ ಹೋಗುವ ಕಾಲುದಾರಿ ಒಂದು ಕಡೆ ಗುಡ್ಡವನ್ನು ಬಳಸಿ ತಿರುಗುತ್ತದೆ. ತಿರುವಿನ ಆಚೆ ಏನಿದೆ ಎಂಬುದು ಕೆಳಗಿನಿಂದ ಕಾಣುವುದಿಲ್ಲ. ಆ ತಿರುವಿನ ಕಂಬಕ್ಕೆ ಕ್ಯಾಮೆರಾ ಕಟ್ಟಿದೆವು. ಅದರ ವೈರು ಕೆಳಗೆ ಬೆಳಿಗ್ಗೆ ಹಾಜರಿ ಹಾಕುವ ಶೆಡ್ಡಿಗೆ ಬರುತ್ತಿತ್ತು. ಪೆಟ್ಟಿಗೆ ಇದ್ದದ್ದು ಶೆಡ್ಡಿನಲ್ಲಿ. ಗೋಡೆಯ ಮೇಲೆ ಆನೆ ಇದ್ದರೆ ಉರಿಯುವ ಒಂದು ಕೆಂಪು ದೀಪ, ಇಲ್ಲದಿದ್ದರೆ ಉರಿಯುವ ಒಂದು ಹಸಿರು ದೀಪ. ಸೋಲಾರ್ ಬ್ಯಾಟರಿ ಉಳಿಯಬೇಕಾದ್ದರಿಂದ ಹತ್ತು ನಿಮಿಷಕ್ಕೊಂದು ಚಿತ್ರ ಮಾತ್ರ. ದೀಪದ ಕೆಳಗೆ ತೋಟದ ಸಾಹುಕಾರರು ಒಂದು ಬೋರ್ಡು ಬರೆಸಿದರು: ಕೆಂಪು ದೀಪವಿದ್ದಾಗ ಹೋದವರ ಹೊಣೆ ತೋಟದ್ದಲ್ಲ. ಆ ವಾಕ್ಯವನ್ನು ತಿದ್ದಿಕೊಟ್ಟವಳು ನಾನೇ.

ಪೆಟ್ಟಿಗೆಯೊಳಗೆ ಏನಿದೆ ಎಂದು ಅಪ್ಪ ಒಂದು ಸಂಜೆ ಕೇಳಿದರು.

"ಎರಡು ಇದಾವಪ್ಪ. ಒಂದು ಕಂಪ್ಯೂಟರು, ಇನ್ನೊಂದು ಕಾರ್ಡು. ಕಾರ್ಡು ಚಿತ್ರ ನೋಡಿ ಆನೆ ಹೌದೋ ಅಲ್ವೋ ಹೇಳತ್ತೆ. ಅದು ಭಾರೀ ಚುರುಕು."

"ಮತ್ತೆ ಕಂಪ್ಯೂಟರಿಗೆ ಎಂತ ಕೆಲಸ?"

"ಕಾರ್ಡಿಗೆ ಕೆಲಸ ಹೇಳೋದು."

"ನಮ್ಮ ರೈಟರ ಹಾಗೆ," ಎಂದರು ಅಪ್ಪ. ರೈಟರೆಂದರೆ ಹಾಜರಿ ಪುಸ್ತಕ ಬರೆಯುವ ಗುಮಾಸ್ತರು.

ಎರಡಕ್ಕೂ ಬೇರೆ ಬೇರೆ ಮೆಮೊರಿ ಇದೆ ಎಂದು ನಾನು ವಿವರಿಸಿದೆ. ಪ್ರೋಗ್ರಾಂ ನಡೆಯುವುದು ಕಂಪ್ಯೂಟರಿನಲ್ಲಿ. ಅದು ಕಾರ್ಡನ್ನು ಇಷ್ಟು ಜಾಗ ಬೇಕೆಂದು ಕೇಳುತ್ತದೆ. ಕಾರ್ಡು ಜಾಗ ಕಾದಿರಿಸಿ ಅದರ ವಿಳಾಸವನ್ನು ಕೊಡುತ್ತದೆ. ಆ ವಿಳಾಸಕ್ಕೆ ಪಾಯಿಂಟರ್ ಎನ್ನುತ್ತಾರೆ. ವಿಳಾಸ ಕಂಪ್ಯೂಟರಿನ ಕೈಯಲ್ಲಿರುತ್ತದೆಯೇ ಹೊರತು ಅದು ತೋರಿಸುವ ಜಾಗ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಚಿತ್ರವನ್ನು ಅಲ್ಲಿಗೆ ನಕಲು ಮಾಡಿ ಕಳಿಸಬೇಕು, ಉತ್ತರವನ್ನು ಅಲ್ಲಿಂದ ನಕಲು ಮಾಡಿ ತರಿಸಬೇಕು.

ಅಪ್ಪ ಕೇಳಿದರು: "ಗೋಡೌನಿನ ಬೀಗದಕೈ ರೈಟರ ಸೊಂಟದಲ್ಲಿ ಇದ್ರೂ ಕಾಫಿ ಚೀಲ ರೈಟರ ಮನೇಲಿ ಇರಲ್ಲ. ಹಾಗಾ?"

"ಇದ್ದಿದ್ರೆ ರೈಟರ ಹೆಂಡ್ತಿ ನಮ್ಮನೆಗೆ ಕಾಫಿಪುಡಿ ಕೇಳ್ಕೊಂಡು ಬರ್ತಿರ್ಲಿಲ್ಲ," ಎಂದಳು ಅವ್ವ ಒಲೆಯ ಮುಂದಿನಿಂದ.

ನಾನು ಮೊದಲು ಮಾಡಿದ ತಪ್ಪು, ಬೀಗದಕೈ ಇದ್ದಲ್ಲೇ ಚೀಲವೂ ಇದೆ ಎಂದುಕೊಂಡಂಥದ್ದೇ. ಕಾರ್ಡು ಕೊಟ್ಟ ವಿಳಾಸವನ್ನು ಕಂಪ್ಯೂಟರಿನ ಜಾಗವೆಂದು ಭಾವಿಸಿ ನೇರವಾಗಿ ಓದಲು ಹೋಗಿದ್ದೆ. ಪ್ರೋಗ್ರಾಂ ಆ ಕ್ಷಣವೇ ಸತ್ತು ಬಿತ್ತು. ಎರಡನೆಯದು, ಪ್ರತಿ ಚಿತ್ರಕ್ಕೂ ಹೊಸ ಜಾಗ ಕೇಳುತ್ತಿದ್ದೆ, ಹಳೆಯದನ್ನು ಹಿಂತಿರುಗಿಸಲು ಮರೆಯುತ್ತಿದ್ದೆ. ಆರನೆಯ ದಿನ ಕಾರ್ಡಿನ ಮೆಮೊರಿ ತುಂಬಿ ಎಲ್ಲವೂ ನಿಂತಿತು. ಪ್ರೋಗ್ರಾಂ ನಿಂತರೆ ದೀಪ ತಾನಾಗಿ ಕೆಂಪಾಗುವಂತೆ ಮಾಡಿದ್ದೆವು. ಆದ್ದರಿಂದ ಆ ದಿನ ಕೆಲಸ ತಡವಾಯಿತೇ ಹೊರತು ಯಾರಿಗೂ ಅಪಾಯವಾಗಲಿಲ್ಲ. ಈ ಎರಡು ತಪ್ಪುಗಳಿಗೆ ನಾನು ಬಹಳ ನಾಚಿಕೊಂಡಿದ್ದೆ. ಸದ್ದು ಮಾಡಿ ಬಿದ್ದ ತಪ್ಪುಗಳು ಅವು. ಅವುಗಳಿಗೆ ನಾಚಬೇಕಿರಲಿಲ್ಲ ಎಂದು ಈಗ ಅನಿಸುತ್ತದೆ.

ಎರಡನೆಯ ತಪ್ಪನ್ನು ಸರಿಪಡಿಸಲು, ಪ್ರೋಗ್ರಾಂ ಆರಂಭವಾಗುವಾಗಲೇ ಎಲ್ಲ ಜಾಗವನ್ನೂ ಒಂದೇ ಸಲ ಕೇಳಿ, ಪ್ರತಿ ಚಿತ್ರಕ್ಕೂ ಅದನ್ನೇ ಮತ್ತೆ ಬಳಸುವಂತೆ ಬರೆದೆ. ಅದು ಸರಿಯಾದ ಕ್ರಮವೇ. ಆದರೆ ಅದರಿಂದ ಒಂದು ಬದಲಾವಣೆ ಆಯಿತು, ನಾನು ಗಮನಿಸಲಿಲ್ಲ. ಮೊದಲು ಉತ್ತರ ಬರಬೇಕಾದ ಜಾಗ ಪ್ರತಿ ಸಲವೂ ಹೊಸದಾಗಿ, ದೀಪವನ್ನು ಕೆಂಪಾಗಿಸುವ 'ಗೊತ್ತಿಲ್ಲ' ಎಂಬ ಗುರುತಿನೊಂದಿಗೆ ಇರುತ್ತಿತ್ತು. ಈಗ ಅಲ್ಲಿ ಹಿಂದಿನ ಚಿತ್ರದ ಉತ್ತರ ಹಾಗೆಯೇ ಉಳಿದಿರುತ್ತಿತ್ತು.

ಅದೇ ವಾರ ದೂರದ ಎಂಜಿನಿಯರರೊಬ್ಬರು ಯಜಮಾನರ ಕೋರಿಕೆಯ ಮೇಲೆ ನನ್ನ ಪ್ರೋಗ್ರಾಮನ್ನು ಓದಿ ಫೋನಿನಲ್ಲಿ ಮಾತನಾಡಿದರು. ವಿನಯವಂತರು. ಪ್ರತಿ ಹೆಜ್ಜೆಗೂ ಕಾರ್ಡಿಗಾಗಿ ಕಾಯುವಂತೆ ಬರೆದಿದ್ದೀರಿ, ಕಲಿಯುವಾಗ ಎಲ್ಲರೂ ಹೀಗೆಯೇ ಬರೆಯುತ್ತಾರೆ ಎಂದರು. ನಕಲು ಮಾಡಲು ಹೇಳಿ ಬಿಟ್ಟು, ಅದು ಮುಗಿಯುವಷ್ಟರಲ್ಲಿ ಕಂಪ್ಯೂಟರು ಬೇರೆ ಕೆಲಸ ಮಾಡಬಹುದು. ಬೇಕಾದ ಒಂದು ಕಡೆ ಮಾತ್ರ ಕಾದರೆ ಸಾಕು ಎಂಬುದು ಅವರ ಸಲಹೆ. ಸಲಹೆಯಲ್ಲಿ ದೋಷವಿರಲಿಲ್ಲ. 'ಕಲಿಯುವಾಗ' ಎಂಬ ಮಾತು ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು. ಕಾಯುವ ಸಾಲುಗಳನ್ನು ಒಂದೊಂದಾಗಿ ಅಳಿಸಿದೆ. ಬೇಕಾಗಿದ್ದ ಆ ಒಂದನ್ನೂ ಅಳಿಸಿದೆ.

ಪರಿಣಾಮ ಹೀಗಾಯಿತು. ಕ್ಯಾಮೆರಾ ಚಿತ್ರ ತೆಗೆಯುತ್ತದೆ. ಕಾರ್ಡು ನೋಡಲು ತೊಡಗುತ್ತದೆ. ಅದರ ಉತ್ತರ ಬಂದು ಸೇರುವ ಮುನ್ನವೇ ಪ್ರೋಗ್ರಾಂ ಉತ್ತರದ ಜಾಗವನ್ನು ಓದಿ ದೀಪ ಹಚ್ಚುತ್ತದೆ. ಅಲ್ಲಿರುವುದು ಹಿಂದಿನ ಚಿತ್ರದ ಉತ್ತರ. ಕಚೇರಿಯ ಮೇಜಿನ ಮೇಲೆ ಪರೀಕ್ಷೆ ಮಾಡಿದಾಗ ಸೆಕೆಂಡಿಗೊಂದು ಚಿತ್ರ ಹಾಕಿದ್ದೆ. ಆನೆಯ ಚಿತ್ರ ಬಂದು ಒಂದು ಸೆಕೆಂಡಿನ ನಂತರ ದೀಪ ಕೆಂಪಾಗುತ್ತಿತ್ತು. ದೀಪದ ಸ್ವಿಚ್ಚು ನಿಧಾನವಿರಬೇಕೆಂದು ಟಿಪ್ಪಣಿ ಬರೆದುಕೊಂಡೆ. ತೋಟದಲ್ಲಿ ಒಂದು ಚಿತ್ರ ತಡವಾಗುವುದೆಂದರೆ ಹತ್ತು ನಿಮಿಷ ತಡವಾಗುವುದು. ಇದು ನನಗೆ ಹೊಳೆಯಲಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ಮೇಲಿನ ತೋಟಕ್ಕೆ ಹೋಗುವವರು ತಿರುವಿನ ಕೆಳಗೆ ನಿಂತು 'ಕೂ' ಎಂದು ಉದ್ದಕ್ಕೆ ಕೂಗು ಹಾಕುತ್ತಾರೆ. ಮೇಲೆ ಗುಡಿಸಲಿನಲ್ಲಿರುವ ಕಾವಲಿನ ಮುದುಕರು ದಾರಿಯನ್ನು ನೋಡಿ ಮರುಕೂಗು ಹಾಕುತ್ತಾರೆ. ಪ್ರಾಣಿ ಕಂಡರೆ ಅವರು ಬಾಯಿ ತೆರೆಯುವುದಿಲ್ಲ. ಕೂಗಿದರೆ ಅದು ಕೆರಳುತ್ತದೆ. ಆದ್ದರಿಂದ ಮರುಕೂಗು ಬಾರದೆ ಯಾರೂ ಹೆಜ್ಜೆ ಮುಂದಿಡುವುದಿಲ್ಲ. ನಮ್ಮ ಅಪ್ಪನೇ ಗುಂಪಿನ ಮುಂದೆ ನಡೆಯುವವರು, ಕೂಗು ಹಾಕುವವರೂ ಅವರೇ. ದೀಪ ಬಂದ ಮೇಲೆ ಅವರು ಕೂಗುವುದನ್ನು ಬಿಟ್ಟರು. ಬೇರೆಯವರು ಕೇಳಿದರೆ, ಮಗಳ ದೀಪ ಹಸಿರು ಕೊಟ್ಟ ಮೇಲೆ ಮತ್ತೆ ಕೂಗುವುದು ಅವಳಿಗೆ ಮಾಡುವ ಅವಮಾನ ಎನ್ನುತ್ತಿದ್ದರಂತೆ.

ಪಕ್ಕದ ಮನೆಯ ದೊಡ್ಡಮ್ಮ ಇದನ್ನು ನನ್ನ ಮುಂದೆಯೇ ಆಡಿಕೊಂಡಿದ್ದರು. "ನಿನ್ನ ಅಪ್ಪನ ಗಂಟಲಿಗೆ ಎಂತ ಆಗಿದೆ ಮಾರಾಯ್ತಿ? ಮೂವತ್ತು ವರ್ಷ ಕೂಗಿದವ ಈಗ ಮದುಮಗನ ಹಾಗೆ ಸುಮ್ನೆ ನಡೀತಾನೆ."

"ನೀನು ಬೇಕಾದ್ರೆ ಕೂಗು, ಬೇಡ ಅಂದೋರು ಯಾರು?" ಎಂದರು ಅಪ್ಪ.

"ನಾನು ಕೂಗಿದ್ರೆ ಆನೆ ಅಲ್ಲ, ನನ್ನ ಗಂಡ ಎದ್ದು ಬರ್ತಾನೆ. ಅದಕ್ಕೇ ಕೂಗಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಪ್ಪ ನನ್ನನ್ನು ನಂಬಿದ್ದಾರೆ ಎಂಬ ಹೆಮ್ಮೆ ನನಗಿತ್ತು. ಕೂಗುವುದನ್ನು ನಿಲ್ಲಿಸಬೇಡಿ ಎಂದು ಹೇಳಬೇಕಾದವಳು ನಾನಾಗಿದ್ದೆ. ಹೇಳಲಿಲ್ಲ.

ಹೊಸ ಪ್ರೋಗ್ರಾಂ ಹಾಕಿದ ಮೇಲೆ ಎರಡು ವಾರಕ್ಕೂ ಹೆಚ್ಚು ಕಾಲ ಆನೆ ಬರಲಿಲ್ಲ. ಬಾರದ ಆನೆಯ ವಿಷಯದಲ್ಲಿ ಹಳೆಯ ಉತ್ತರವೂ ಹೊಸ ಉತ್ತರವೂ ಒಂದೇ. ಆಮೇಲೆ ಒಂದು ಸೋಮವಾರ, ಮೊದಲ ಬಸ್ಸಿನಲ್ಲಿ ಕೊಪ್ಪಕ್ಕೆ ಬಂದು ಕಚೇರಿಯ ಬಾಗಿಲು ತೆಗೆದೆ. ಶೆಡ್ಡಿನ ಇಂಟರ್ನೆಟ್ ಲೈನಿನಲ್ಲಿ ತೋಟದಿಂದ ಬಂದ ಚಿತ್ರಗಳನ್ನು ನೋಡುವುದು ನನ್ನ ದಿನದ ಮೊದಲ ಕೆಲಸ. ಪ್ರತಿ ಚಿತ್ರದ ಕೆಳಗೆ ಪ್ರೋಗ್ರಾಂ ಕೊಟ್ಟ ತೀರ್ಮಾನ ಬರೆದಿರುತ್ತದೆ.

ಭಾನುವಾರ, ಕೆಲಸವಿಲ್ಲದ ದಿನ, ಬೆಳಗಿನ ಒಂದು ಚಿತ್ರದಲ್ಲಿ ಆನೆಯ ಹಿಂಭಾಗ ಸ್ಪಷ್ಟವಾಗಿತ್ತು. ಕೆಳಗೆ 'ಇಲ್ಲ' ಎಂದಿತ್ತು. ಕಾರ್ಡು ಗುರುತಿಸುವಲ್ಲಿ ತಪ್ಪಿತೆಂದುಕೊಂಡೆ. ಮುಂದಿನ ಚಿತ್ರ ತೆರೆದೆ: ಬರಿದಾದ ದಾರಿ. ಕೆಳಗೆ 'ಆನೆ' ಎಂದಿತ್ತು.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಕಾರ್ಡು ತಪ್ಪಿರಲಿಲ್ಲ. ಉತ್ತರ ಸರಿಯಾಗಿತ್ತು, ಅದು ಒಂದು ಚಿತ್ರ ಕೆಳಗೆ ಇಳಿದಿತ್ತು. ಮೇಜಿನ ಮೇಲಿನ ಆ ಒಂದು ಸೆಕೆಂಡು ನೆನಪಾಯಿತು.

ಅಷ್ಟರಲ್ಲಿ ಪರದೆಯ ಮೇಲೆ ಆ ದಿನದ ಹೊಸ ಚಿತ್ರ ಬಂತು. ಏಳು ನಲವತ್ತರದು. ಎಡ ಅಂಚಿನಲ್ಲಿ, ಕಾಫಿ ಗಿಡಗಳ ಮರೆಯಿಂದ, ಒಂದು ದಂತ ಮತ್ತು ಮುಂಗಾಲು. ಕೆಳಗೆ 'ಇಲ್ಲ'. ಶೆಡ್ಡಿನಲ್ಲಿ ಈಗ ಹಸಿರು ದೀಪವಿದೆ, ಏಳು ಐವತ್ತರವರೆಗೂ ಹಸಿರೇ ಇರುತ್ತದೆ. ಹಾಜರಿ ಮುಗಿದು ಅಪ್ಪ ಹೊರಡುವ ಹೊತ್ತು ಅದೇ.

ಅಪ್ಪನ ಫೋನಿಗೆ ಆ ಕಡೆ ಸಿಗ್ನಲ್ ಇರುವುದಿಲ್ಲ. ಶೆಡ್ಡಿನ ಫೋನಿಗೆ ಮಾಡಿದೆ. ರೈಟರು ಎತ್ತಿಕೊಂಡರು.

"ನಮಸ್ಕಾರ ಸರ್. ದೀಪದ ಸೂಚನೆಯಲ್ಲಿ ಸ್ವಲ್ಪ ವ್ಯತ್ಯಾಸ ಇರುವ ಸಾಧ್ಯತೆ ಕಂಡುಬರುತ್ತಿದೆ. ದಯವಿಟ್ಟು ಒಮ್ಮೆ ಪರಿಶೀಲಿಸಲು ಆಗುತ್ತದೆಯೇ?"

"ಎಂತ ಪರಿಶೀಲನೆ ಮಾರಾಯ್ತಿ, ಹಸಿರು ಉರೀತಾ ಇದೆ. ನಿನ್ನ ಅಪ್ಪ ಈಗಷ್ಟೇ ಹೊರಟ."

"ಹಸಿರು ಬಂದಿರುವುದು ಹಿಂದಿನ ಚಿತ್ರದ ಆಧಾರದ ಮೇಲೆ ಸರ್. ಅಂದರೆ ಈಗಿನ ಪರಿಸ್ಥಿತಿ—"

"ಇರು, ಇಲ್ಲಿ ಗೊಬ್ಬರದ ಲಾರಿ ಬಂದಿದೆ. ಆಮೇಲೆ ಮಾಡು." ಫೋನು ಇಟ್ಟರು.

ಕಚೇರಿಯ ಹೆಸರಿನಲ್ಲಿ ಮಾತನಾಡುವಾಗ ಹೀಗೆ ಮಾತನಾಡಬೇಕೆಂದು ನಾನು ಕಷ್ಟಪಟ್ಟು ಕಲಿತಿದ್ದೆ. ತಪ್ಪು ಎಂಬ ಪದ ಬಾರದಂತೆ ವಾಕ್ಯ ಕಟ್ಟುವುದು ಅದರಲ್ಲಿ ಸೇರಿತ್ತು. ಆ ಒಂದು ನಿಮಿಷ ಅದಕ್ಕಾಗಿಯೇ ಕಳೆಯಿತು. ಮತ್ತೆ ಫೋನು ಮಾಡಿದೆ. ಏಳು ಸಲ ರಿಂಗಾಯಿತು.

"ರೈಟರಣ್ಣ, ತಿರುವಲ್ಲಿ ಆನೆ ನಿಂತಿದೆ. ದೀಪ ಸುಳ್ಳು. ನಾನು ಬರೆದಿದ್ದೇ ತಪ್ಪು. ಗಂಟೆ ಹೊಡೀರಿ."

"ತಪ್ಪು ಅಂದ್ರೆ?"

"ತಪ್ಪು ಅಂದ್ರೆ ತಪ್ಪು ಅಣ್ಣ. ಅಪ್ಪನ್ನ ನಿಲ್ಸಿ."

ಅವರು ಫೋನನ್ನು ಮೇಜಿನ ಮೇಲೆ ಹಾಗೆಯೇ ಹಾಕಿ ಓಡಿದ ಸದ್ದು ಕೇಳಿತು. ನಂತರ ಶೆಡ್ಡಿನ ಕಬ್ಬಿಣದ ಗಂಟೆ, ಬಿಡದೆ. ಆಮೇಲೆ ಏನೂ ಇಲ್ಲ. ಲಾರಿಯ ಎಂಜಿನ್ ಮಾತ್ರ ನಡೆಯುತ್ತಿತ್ತು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಪರದೆಯ ಗಡಿಯಾರ ನೋಡುತ್ತ ಕುಳಿತೆ. ಮುಂದಿನ ಚಿತ್ರ ಬರುವವರೆಗೆ ನನಗೆ ಮಾಡಲು ಕೆಲಸವಿರಲಿಲ್ಲ.

ಏಳು ಐವತ್ತರ ಚಿತ್ರ ಬಂತು. ಆನೆ ಇರಲಿಲ್ಲ. ಮನುಷ್ಯರೂ ಇರಲಿಲ್ಲ. ದಾರಿಯ ನಡುವೆ ಅಪ್ಪ ಹಾಕುವಂಥ ಅಡಿಕೆ ಹಾಳೆಯ ಟೋಪಿ ಬಿದ್ದಿತ್ತು. ಕೆಳಗೆ 'ಆನೆ' ಎಂದು ತೀರ್ಮಾನ.

ಎಷ್ಟು ಹೊತ್ತಾಯಿತೋ ಸರಿಯಾಗಿ ಹೇಳಲಾರೆ, ರೈಟರ ಧ್ವನಿ ಬಂತು. ಏದುಸಿರು ಬಿಡುತ್ತಿದ್ದರು. "ಜೀವ ಇದೆ. ಅಗಳಿಗೆ ಹಾರಿದಾನೆ. ಕಾಲು ಹೋಗಿದೆ. ಜೀಪಲ್ಲಿ ಕೊಪ್ಪಕ್ಕೆ ಕರ್ಕೊಂಡು ಬರ್ತೀವಿ, ನೀನು ಆಸ್ಪತ್ರೆ ಹತ್ರ ಇರು."

ನಡೆದದ್ದನ್ನು ಆಮೇಲೆ ದೊಡ್ಡಮ್ಮ ಹೇಳಿದರು. ಗಂಟೆ ಕೇಳಿ ಹಿಂದಿದ್ದ ಹೆಂಗಸರು ನಿಂತರು. ಅಪ್ಪ ಮೂವತ್ತು ಹೆಜ್ಜೆ ಮುಂದಿದ್ದರು. ಅವರೂ ನಿಂತು ಹಿಂದಿರುಗಿ ನೋಡಿದರು, ಆ ನಿಂತದ್ದರಿಂದಲೇ ಉಳಿದರು. ತಿರುವಿನಿಂದ ಬಂದ ಸಲಗ ಮತ್ತು ಅವರ ನಡುವೆ ಹಾರಲು ಬೇಕಾದಷ್ಟು ದೂರ ಉಳಿದಿತ್ತು. ಅಗಳೆಂದರೆ ತೋಟದ ಅಂಚಿನ ಆಳವಾದ ಕಂದಕ. ಅದರ ತಳದ ಕಲ್ಲಿಗೆ ಬಲಗಾಲು ಬಡಿದು ತೊಡೆಯ ಮೂಳೆ ಮುರಿಯಿತು. ಆನೆ ಮೇಲಿನಿಂದ ಒಮ್ಮೆ ನೋಡಿ ಕೆಳಗಿನ ಹಳ್ಳಕ್ಕೆ ಇಳಿದು ಹೋಯಿತು. ಕಂಬಳಿಯಲ್ಲಿ ಹೊತ್ತುಕೊಂಡು ಶೆಡ್ಡಿಗೆ ಬಂದಾಗ ಎಲ್ಲರೂ ಗೋಡೆಯನ್ನು ನೋಡಿದರು. ದೀಪ ಕೆಂಪಾಗಿತ್ತು.

ಆಸ್ಪತ್ರೆಯಲ್ಲಿ ಅಪ್ಪನನ್ನು ಹಾಸಿಗೆಯಲ್ಲಿ ಮಲಗಿಸಿದ್ದರು. ಅವ್ವ ತಲೆಯ ಬಳಿ ನಿಂತಿದ್ದಳು. ಸಾಹುಕಾರರೂ ರೈಟರೂ ಬಂದಿದ್ದರು. ಅವರ ಹಿಂದೆಯೇ ನಮ್ಮ ಕಚೇರಿಯ ಯಜಮಾನರು ಬಂದರು. ಸಾಹುಕಾರರು ಕೇಳಿದರು, "ದೀಪ ನೋಡಿ ಹೋದ್ಯೇನೋ?"

ಅಪ್ಪ ನನ್ನ ಕಡೆ ನೋಡಲಿಲ್ಲ. "ಕೆಂಪೇ ಇತ್ತು ಸಾಹುಕಾರ್ರೆ. ನಾನೇ ನೋಡದೆ ಹೋದೆ. ನಂದೇ ತಪ್ಪು."

ಅವರು ಏನು ಮಾಡುತ್ತಿದ್ದಾರೆಂದು ನನಗೆ ತಿಳಿಯಿತು. ಕೆಂಪು ದೀಪವನ್ನು ಹತ್ತು ಜನ ಕಂಡಿದ್ದಾರೆ, ಯಾರೂ ಅನುಮಾನಿಸುವುದಿಲ್ಲ. ನನ್ನ ಹೆಸರು ಉಳಿಯುತ್ತದೆ. ಆದರೆ ಕೆಂಪಿಗೆ ಹೋದವನ ಹೊಣೆ ತೋಟದ್ದಲ್ಲ. ಎದ್ದು ನಡೆಯಲಾಗದವನಿಗೆ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ಲೈನಿನ ಮನೆಯಿಲ್ಲ. ಅಪ್ಪ ಅದನ್ನೂ ಲೆಕ್ಕ ಹಾಕಿಯೇ ಹೇಳಿದ್ದರು. ರೈಟರು ಮಾತ್ರ ನನ್ನನ್ನೇ ನೋಡುತ್ತಿದ್ದರು. ಹಸಿರೆಂದು ನನಗೆ ಹೇಳಿದವರು ಅವರು.

"ಸುಳ್ಳು ಹೇಳ್ಬೇಡ ಅಪ್ಪ," ಎಂದೆ.

"ನೀನು ಸುಮ್ನಿರು ಮಗಾ. ನಿಂಗೆ ಗೊತ್ತಾಗಲ್ಲ."

"ಹಸಿರು ಇತ್ತು," ಎಂದು ಸಾಹುಕಾರರಿಗೆ ಹೇಳಿದೆ. "ಆನೆ ಇದ್ದಾಗ ಹಸಿರು ಇತ್ತು, ಹೋದ ಮೇಲೆ ಕೆಂಪಾಯಿತು. ಉತ್ತರ ಬರುವ ಮುಂಚೆ ಓದುವ ಹಾಗೆ ಬರೆದಿದ್ದೇನೆ. ಚಿತ್ರಗಳು ಕಚೇರಿಯಲ್ಲಿವೆ, ತೋರಿಸುತ್ತೇನೆ. ಅಪ್ಪ ದೀಪ ನೋಡಿಯೇ ಹೋದದ್ದು."

ಸಾಹುಕಾರರು ರೈಟರ ಕಡೆ ತಿರುಗಿದರು.

"ಹೌದು," ಎಂದರು ರೈಟರು. "ಹಸಿರೇ. ಇವಳು ಫೋನಲ್ಲಿ ಹೇಳುವಾಗ್ಲೂ ನಾನು ನೋಡಿದೆ."

ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು. ಅವ್ವ ಮಾತ್ರ ಒಂದು ಸಲ ನನ್ನ ಬೆನ್ನ ಮೇಲೆ ಕೈಯಿಟ್ಟು ತೆಗೆದಳು.

ಮರುದಿನ ಎಲ್ಲವನ್ನೂ ಬರೆದುಕೊಟ್ಟೆ. ಮೂರು ಪುಟ, ಅದರಲ್ಲಿ ತಪ್ಪು ಎಂಬ ಪದವನ್ನು ಬಿಡದೆ ಬಳಸಿದೆ. ಪ್ರೋಗ್ರಾಮಿಗೆ ಎರಡು ಸಾಲು ಸೇರಿಸಿದೆ. ಪ್ರತಿ ಚಿತ್ರಕ್ಕೂ ಮೊದಲು ಉತ್ತರದ ಜಾಗವನ್ನು 'ಗೊತ್ತಿಲ್ಲ' ಎಂದು ತುಂಬಿಸುವ ಸಾಲು ಒಂದು. ನಕಲು ಮುಗಿಯುವವರೆಗೆ ಕಾಯುವ ಸಾಲು ಇನ್ನೊಂದು. ಬರೆಯಲು ಐದು ನಿಮಿಷವೂ ಹಿಡಿಯಲಿಲ್ಲ.

ಅಪ್ಪನ ತೊಡೆಗೆ ರಾಡು ಹಾಕಿದ್ದಾರೆ. ಕೋಲಿಲ್ಲದೆ ನಡೆಯುತ್ತಾರೆ, ಗುಡ್ಡ ಹತ್ತುವುದಿಲ್ಲ. ಕೆಲಸದ ವೇಳೆಯಲ್ಲಿ ಆದ ಪೆಟ್ಟೆಂದು ತೋಟದವರು ಒಪ್ಪಿದ್ದರಿಂದ ಲೈನಿನ ಮನೆ ನಮಗೇ ಉಳಿಯಿತು. ಈಗ ಅದು ಅವ್ವನ ಹೆಸರಿನಲ್ಲಿದೆ. ಅಪ್ಪ ನರ್ಸರಿಯಲ್ಲಿ ಕುಳಿತು ಕಾಫಿ ಸಸಿಯ ಪ್ಲಾಸ್ಟಿಕ್ ತೊಟ್ಟೆಗಳಿಗೆ ಮಣ್ಣು ತುಂಬುತ್ತಾರೆ, ಅವರಿಗೆ ಆ ಕೆಲಸ ಇಷ್ಟವಿಲ್ಲ. ನಾನು ಅದೇ ಕಚೇರಿಯಲ್ಲಿದ್ದೇನೆ, ಆದರೆ ನಾನು ಬರೆದದ್ದನ್ನು ಇನ್ನೊಬ್ಬರು ಓದಿ ಸಹಿ ಹಾಕಿದ ಮೇಲಷ್ಟೇ ಪೆಟ್ಟಿಗೆಗೆ ಹಾಕುತ್ತಾರೆ. ಪದವಿ ಬಂದ ದಿನದಿಂದ ರೇಷನ್ ಕಾರ್ಡಿನ ಅರ್ಜಿಯಿಂದ ಹಿಡಿದು ಔಷಧದ ಚೀಟಿಯವರೆಗೆ ನಮ್ಮ ಮನೆಯಲ್ಲಿ ನಾನು ಹೇಳಿದ್ದೇ ಕೊನೆಯ ಮಾತಾಗಿತ್ತು. ಈಗ ಹಾಗಿಲ್ಲ. ಅಪ್ಪ ಪ್ರತಿ ಸಲವೂ, ಅದು ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ, ನಾನು ತೋರಿಸಿದ ಮೇಲೆ ಒಪ್ಪುತ್ತಾರೆ.